ಬೋರಿಯ ಕಣಿವೆಯಲ್ಲಿ ಬನದ ಹುಣ್ಣಿಮೆ

ಉಮರ್ಗಾದಿಂದ ಸೋಲಾಪುರದ ಹೆದ್ದಾರಿ ಹಿಡಿದರೆ ಮೊದಲು ನಳದುರ್ಗ, ಅದರಾಚೆ ಅಣದೂರು. ನಳದುರ್ಗದಲ್ಲಿ ಬೋರಿ ನದಿಯು ಕರಿಗಲ್ಲಿನ ಕಂದರದಲ್ಲಿ ಕೋಟೆಯನ್ನು ಬಳಸಿ ಹರಿಯುತ್ತದೆ. ಎರಡನೆಯ ಇಬ್ರಾಹಿಂ ಆದಿಲಶಾಹನ (1580–1627) ಕಾಲದ ಒಡ್ಡಿನ ಒಡಲಲ್ಲೇ ಪಾಣೀಮಹಲು. ಮಳೆಗಾಲದಲ್ಲಿ ‘ನರ’, ‘ಮಾದಿ’ ಎಂಬ ಜೋಡಿ ಧಾರೆಗಳು ಧುಮುಕುವ ನೋಟ ರಮಣೀಯ.

ಇಲ್ಲಿಯ ಖಂಡೋಬನಿಗೆ ಮೂರ್ತಿ ಒಂದೇ, ಗುಡಿಗಳು ಎರಡು. ವರ್ಷದ ಬಹುಭಾಗ ಅಣದೂರಿನಲ್ಲಿದ್ದು, ಚಳಿಗಾಲದಲ್ಲಿ ನಳದುರ್ಗದ ಗುಡಿಗೆ ದಯಮಾಡಿಸುತ್ತಾನೆ. ಪುಷ್ಯ ಪೌರ್ಣಮಿಗೆ, ಅಂದರೆ ನಮ್ಮ ಬನದ ಹುಣ್ಣಿಮೆಗೆ, ಅಲ್ಲಿ ಮಹಾಜಾತ್ರೆ. ಭಂಡಾರ ತೂರುತ್ತ ಮರಾಠಿ ಭಕ್ತರು ‘ಯೇಳಕೋಟ’ ಎನ್ನುತ್ತಾರೆ; ಅದು ನಮ್ಮ ಮೈಲಾರನ ‘ಏಳುಕೋಟಿ’ಯೇ.

1956ರಲ್ಲಿ ಹೈದರಾಬಾದು ರಾಜ್ಯ ಹಂಚಿಹೋಗಿ ನಡುವೆ ಗಡಿ ಬಿತ್ತು. ಆ ಕೂಗು ಕನ್ನಡವಾಗಿಯೇ ಉಳಿಯಿತು. ಜಾತ್ರೆಗೆ ಹೋಗುವ ನಾವು ಅದರ ಅರ್ಥವನ್ನು ನಮ್ಮ ಮಕ್ಕಳಿಗೆ ತಿಳಿಸಿಕೊಡಬೇಕು.