ದ್ವಿವಚನ

ಸಂಸ್ಕೃತ ವ್ಯಾಕರಣದಲ್ಲಿ ಏಕವಚನ, ದ್ವಿವಚನ, ಬಹುವಚನವೆಂದು ಮೂರು ವಚನಗಳುಂಟು. ನಮ್ಮ ಕನ್ನಡಕ್ಕೆ ಎರಡೇ ಸಾಕಾಗಿವೆ. ಒಂದಾದರೆ ಏಕವಚನ, ಒಂದಕ್ಕಿಂತ ಹೆಚ್ಚಾದರೆ ಬಹುವಚನ. ಇದನ್ನು ಹನ್ನೆರಡು ವರ್ಷಗಳಿಂದ ಬೋಧಿಸುತ್ತ ಬಂದಿದ್ದರೂ ಇದರಲ್ಲಿ ಗೃಹಸ್ಥಾಶ್ರಮದ ಸತ್ಯವೊಂದು ಅಡಗಿದೆಯೆಂದು ನನಗೆ ತಿಳಿದದ್ದು ಕಳೆದ ಡಿಸೆಂಬರಿನಲ್ಲಿ, ಅರಬ್ಬೀ ಸಮುದ್ರದ ನಡುವೆ. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರಿಗೆ ದ್ವಿವಚನವಿರುತ್ತದೆ. ಮಕ್ಕಳಾದ ಮೇಲೆ ಅವರೂ ಕನ್ನಡ ವ್ಯಾಕರಣಕ್ಕೆ ಸೇರಿಹೋಗುತ್ತಾರೆ. ಮನೆಯಲ್ಲಿ ಎಲ್ಲವೂ ಬಹುವಚನ!

ನನ್ನಾಕೆ ಬ್ಯಾಂಕೊಂದರಲ್ಲಿ ಉದ್ಯೋಗಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಜೊತೆಗೆ ನನ್ನ ತಾಯಿ. ಮೈಸೂರಿನ ನಮ್ಮ ಮನೆಯಲ್ಲಿ ಜಗಳವಿಲ್ಲ, ಮಾತಿಗೂ ಬರವಿಲ್ಲ. ‘ಹಾಲು ತಂದಿರಾ?’ ‘ಶಾಲೆಯ ಶುಲ್ಕ ಕಟ್ಟಿದೆಯಾ?’ ‘ಗ್ಯಾಸ್ ಬಂತೆ?’ ಹೀಗೆ ದಿನಕ್ಕೆ ನೂರು ಮಾತು. ಆದರೆ ಅವೆಲ್ಲ ಕಚೇರಿಯ ಕಡತಗಳಂತೆ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಸಾಗುತ್ತಿದ್ದವು. ಸಹಿ ಬೀಳುತ್ತಿತ್ತು; ಓದುವವರಿರಲಿಲ್ಲ.

ಹೀಗಿರಲು ವಿಹಾರನೌಕೆಯ ಜಾಹೀರಾತೊಂದು ಕಣ್ಣಿಗೆ ಬಿತ್ತು. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಪ್ರವಾಸ. ಚಿತ್ರದಲ್ಲಿ ಗಂಡಹೆಂಡಿರಿಬ್ಬರು ಕಟಕಟೆಗೆ ಒರಗಿ ಸೂರ್ಯಾಸ್ತವನ್ನು ನೋಡುತ್ತಿದ್ದರು. ಅವರ ಮಕ್ಕಳು ಎಲ್ಲಿದ್ದರೆಂದು ಆಗ ನಾನು ಯೋಚಿಸಲಿಲ್ಲ.

ಹೊರಡುವ ಮುನ್ನ ಪ್ರಯಾಣಿಕರೆಲ್ಲರೂ ಅಪಾಯಕಾಲದ ಅಭ್ಯಾಸಕ್ಕೆ ಸೇರಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ರಾಷ್ಟ್ರಗಳು ಕೂಡಿ ಸಮುದ್ರಯಾನದ ಸುರಕ್ಷತೆಗೆ ಮೊದಲ ಒಪ್ಪಂದ ಮಾಡಿಕೊಂಡವು. ಹಡಗು ಹೊರಡುವ ಮೊದಲೇ, ಇಲ್ಲವೆ ಹೊರಟೊಡನೆಯೇ ಈ ಅಭ್ಯಾಸ ನಡೆಯಬೇಕೆಂಬ ನಿಯಮ 2015ರಿಂದ ಜಾರಿಯಲ್ಲಿದೆ. ಭೋಂಕಾರ ಕೇಳಿದೊಡನೆ ನಾನು ಮಗನ ಕೈ ಹಿಡಿದೆ. ಆಕೆ ಅತ್ತೆಯ ಕೈಯನ್ನೂ ಮಗಳ ಕೈಯನ್ನೂ ಹಿಡಿದಳು. ನಮ್ಮಿಬ್ಬರ ನಡುವೆ ಮೂವರು ನಿಂತಿದ್ದರು. ನಿಜವಾಗಿ ಹಡಗು ಮುಳುಗಿದರೂ ನಾವು ನಿಲ್ಲುವ ಕ್ರಮ ಇದೇ ಎಂದುಕೊಂಡೆ.

ಹಡಗಿನಲ್ಲಿ ಮಕ್ಕಳಿಗಾಗಿ ಆಟದ ಕೋಣೆಯಿತ್ತು. ನೋಡಿಕೊಳ್ಳಲು ಸಿಬ್ಬಂದಿಯೂ ಇದ್ದರು. ಮಗಳು ಒಳಗೆ ಓಡಿದವಳು ತಿರುಗಿ ನೋಡಲಿಲ್ಲ. ಮಗನು ಮಾತ್ರ ಒಂದು ಷರತ್ತು ಹಾಕಿದ: ಅಮ್ಮ ಬಾಗಿಲಲ್ಲಿ ಕುಳಿತಿರಬೇಕು. ಆಕೆ ಕುಳಿತಳು. ನಾನು ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವನ್ನು ತಾಯಿಗಾಗಿ ಹುಡುಕುತ್ತ ತಟ್ಟೆ ಹಿಡಿದು ತಿರುಗಿದೆ. ರಾತ್ರಿ ಮಗಳು ಅಜ್ಜಿಯ ಕೊಠಡಿಯಲ್ಲಿ, ಮಗ ನಮ್ಮ ಕೊಠಡಿಯಲ್ಲಿ, ಅದೂ ನಮ್ಮಿಬ್ಬರ ನಡುವೆ ಅಡ್ಡಡ್ಡಲಾಗಿ! ಕರೆ ದಾಟಿದ ಮೇಲೆ ದೂರವಾಣಿಗಳು ಮೂಕವಾದವು. ಬಾಯಿಗಳು ಮಾತ್ರ ತೆರೆಯಲಿಲ್ಲ.

ಲಕ್ಷದ್ವೀಪವೆಂದರೆ ಎಲ್ಲ ದ್ವೀಪಗಳೂ ಸೇರಿ 32 ಚದರ ಕಿಲೋಮೀಟರ್ ನೆಲ, ಜನವಸತಿಯಿರುವುವು ಹತ್ತು. ದ್ವೀಪಗಳನ್ನು ಹವಳದ ದಿಬ್ಬ ಸುತ್ತುವರಿದಿದೆ; ಅದರೊಳಗಿನ ನೀರು ಆಳವಿಲ್ಲ. ಆದ್ದರಿಂದ ದೊಡ್ಡ ಹಡಗು ಹೊರಗೇ ಲಂಗರು ಹಾಕುತ್ತದೆ; ಚಿಕ್ಕ ದೋಣಿಗಳಲ್ಲಿ ದಡ ಸೇರಬೇಕು. ಅಲೆಗೆ ಏರಿಳಿಯುತ್ತಿದ್ದ ದೋಣಿಯನ್ನು ಕಂಡು ತಾಯಿ ಹಿಂಜರಿಯುವರೆಂದು ನಾನು ಹೆದರಿದ್ದೆ. ಆಕೆ ನಕ್ಕರು.

“ನಮ್ಮ ಅಮ್ಮ ಹೇಳುತ್ತಿದ್ದುದು ಹೀಗೆಯೇ ಕಣೋ” ಎಂದರು. ತಾಯಿಯ ತವರು ಮಂಗಳೂರು. ಅಲ್ಲಿಯ ಹೊಸ ಬಂದರು ಉದ್ಘಾಟನೆಯಾದದ್ದು 1975ರಲ್ಲಿ. ಅದಕ್ಕೆ ಮುಂಚೆ ಹಳೆಯ ಬಂದರಿನಲ್ಲಿ ಆಳ ಸಾಲದೆ ಮುಂಬಯಿಗೆ ಹೋಗುವ ಹಡಗು ದೂರದಲ್ಲಿ ನಿಲ್ಲುತ್ತಿತ್ತಂತೆ. ಜನ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. “ಮನೆಯಲ್ಲಿ ಹದಿನಾಲ್ಕು ಜನ. ನಿನ್ನ ತಾತನ ಜೊತೆ ಅವಳು ನೆಮ್ಮದಿಯಾಗಿ ಕೂತು ಮಾತಾಡಿದ್ದು ಆ ಹಡಗಿನ ಮೇಲೆ ಮಾತ್ರವಂತೆ. ಸಾಯುವ ತನಕ ಅದನ್ನೇ ಹೇಳಿದಳು.”

ಅಂದು ರಾತ್ರಿ ಊಟವಾದ ಮೇಲೆ ತಾಯಿ ಮಗನನ್ನು ತಮ್ಮ ಕೊಠಡಿಗೆ ಕರೆದೊಯ್ದರು. “ಕಥೆ ಹೇಳುತ್ತೇನೆ ಬಾ. ನೀವಿಬ್ಬರೂ ಮೇಲೆ ಹೋಗಿ ಗಾಳಿಗೆ ಕೂತು ಬನ್ನಿ. ಬೇಗ ಬಂದರೆ ಬಾಗಿಲು ತೆಗೆಯುವುದಿಲ್ಲ.”

ಡೆಕ್ಕಿನ ಹಿಂಭಾಗದಲ್ಲಿ ಜನ ವಿರಳವಾಗಿದ್ದರು. ಹಡಗು ಸೀಳಿಬಂದ ನೀರು ಬಿಳಿಯ ಹಾದಿಯಂತೆ ಕತ್ತಲೆಯೊಳಗೆ ಮರೆಯಾಗುತ್ತಿತ್ತು. ನಾವು ಕುಳಿತೆವು. ಮೊದಲ ಹತ್ತು ನಿಮಿಷ ಮಕ್ಕಳ ವಿಚಾರವನ್ನೇ ಆಡಿದೆವು. ಅನಂತರ ಅದೂ ಮುಗಿಯಿತು. ಎಂ.ಎ. ಪದವೀಧರನಾದ ನನಗೆ ಹೆಂಡತಿಯೊಡನೆ ಆಡಲು ಒಂದು ವಾಕ್ಯ ಸಿಕ್ಕಲಿಲ್ಲ.

ಆಕೆಯೇ ಹೇಳಿದಳು: “ಜೂನಿನಲ್ಲಿ ನನಗೆ ಬಡ್ತಿ ಬಂದಿತ್ತು ರೀ. ಕಲಬುರಗಿಗೆ ವರ್ಗ. ಬೇಡವೆಂದು ಬರೆದುಕೊಟ್ಟೆ.”

ಆರು ತಿಂಗಳು! ಒಂದೇ ಮನೆ, ಒಂದೇ ಒಲೆ, ಒಂದೇ ಹಾಸಿಗೆ. “ನನಗೇಕೆ ಹೇಳಲಿಲ್ಲ?” ಎಂದೆ. ನನ್ನ ದನಿಯಲ್ಲಿ ಕೋಪವಿತ್ತೆಂಬುದನ್ನು ಮುಚ್ಚಿಡಲಾರೆ.

“ಹೇಳೋಣವೆಂದು ಬಂದ ದಿನ ನೀವು ಉತ್ತರಪತ್ರಿಕೆ ತಿದ್ದುತ್ತಿದ್ದಿರಿ. ಮರುದಿನ ಪುಟ್ಟನಿಗೆ ಜ್ವರ. ಮೂರನೆಯ ದಿನ ಉತ್ತರ ಕೊಡಬೇಕಾಗಿತ್ತು. ಕೊಟ್ಟೆ.”

ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. ಸ್ವಲ್ಪ ಹೊತ್ತು ಬಿಟ್ಟು ಆಕೆ ಮೆಲ್ಲಗೆ ಅಂದಳು: “ನೀವು ಹೋಗೆನ್ನುತ್ತಿದ್ದಿರೋ ಬೇಡವೆನ್ನುತ್ತಿದ್ದಿರೋ, ಅದಲ್ಲ. ನಿಮ್ಮನ್ನೊಂದು ಮಾತು ಕೇಳಬೇಕೆನಿಸಿತ್ತು.”

ನಾನು ಸಮಾಧಾನದ ಮಾತಾಡಲಿಲ್ಲ. ಆಡಿದ್ದರೆ ಅದು ಸುಳ್ಳಾಗುತ್ತಿತ್ತು. ಆ ಹುದ್ದೆಯ ಕೆಲಸವೇನು, ಸಂಬಳವೆಷ್ಟು, ಅವಳಿಗೆ ಅದರಲ್ಲಿ ಆಸೆಯಿತ್ತೆ ಎಂದು ಒಂದೊಂದಾಗಿ ಕೇಳಿದೆ. ಆಸೆಯಿತ್ತು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಬಂದ ಹೊಳಪನ್ನು ನಾನು ಬಹುದಿನಗಳಿಂದ ಕಂಡಿರಲಿಲ್ಲ. ಕೆಳಗಿಳಿದಾಗ ಹನ್ನೆರಡು ದಾಟಿತ್ತು. ತಾಯಿ ಬಾಗಿಲು ತೆಗೆಯಲಿಲ್ಲ. ಮೂವರೂ ಒಳಗೆ ಗಾಢನಿದ್ರೆಯಲ್ಲಿದ್ದರು.

ಸಮುದ್ರ ನಮಗೆ ಬಿಡುವು ಕೊಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಬಿಡುವು ಕೊಟ್ಟವರು ತಾಯಿ. ಅವರ ಅಮ್ಮನಿಗೆ ದೊರೆತದ್ದು ಹಡಗಿನ ಆ ಅಲ್ಪಕಾಲ ಮಾತ್ರ. ಸೊಸೆಗೂ ಅಷ್ಟಕ್ಕೇ ಮುಗಿಯಬಾರದೆಂದು ಅವರ ಹಟ. ಈಗ ಮೈಸೂರಿನಲ್ಲಿ, ಊಟವಾದ ಮೇಲೆ, ತಾಯಿಯೇ ನಮ್ಮನ್ನು ತಾರಸಿಗೆ ಅಟ್ಟುತ್ತಾರೆ. ಅರ್ಧ ಗಂಟೆ. ವಾರದಲ್ಲಿ ನಾಲ್ಕು ದಿನ ಸಾಧ್ಯವಾದರೆ ಹೆಚ್ಚು. ಬಡ್ತಿ ಮತ್ತೆ ಬಂದರೆ ಏನು ಮಾಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಆ ಚರ್ಚೆ ನಡೆಯುತ್ತಿದೆ.

ನಿನ್ನೆಯೂ ಮಾತು ಒಂದು ಹಂತಕ್ಕೆ ಬರುತ್ತಿತ್ತು. ಮೆಟ್ಟಿಲ ಬಳಿ ಪುಟ್ಟನ ದನಿ ಕೇಳಿಸಿತು: “ಅಪ್ಪಾ, ಅಮ್ಮಾ, ನೀವಿಬ್ಬರೇ ಅಲ್ಲೇನು ಮಾಡುತ್ತಿದ್ದೀರಿ?”

“ವ್ಯಾಕರಣ” ಎಂದೆ. ಅವನು ಹೆದರಿ ಕೆಳಗಿಳಿದುಹೋದ.