ಸುದ್ದಿಯ ದನಿ, ಮನೆಯ ಮೌನ

ಸುದ್ದಿ ಓದುವವರ ಮುಖ ಊರಿಗೆಲ್ಲ ಪರಿಚಿತ. ಅವರ ಮನೆಯ ಸುದ್ದಿ ಊರಿಗೆ ತಿಳಿಯುವುದು ಮಾತ್ರ ಅಪರೂಪ. ದಿನವೂ ಅದೇ ಹೊತ್ತಿಗೆ ಬಂದು, ಯುದ್ಧವನ್ನೂ ಮಳೆಯನ್ನೂ ಒಂದೇ ಸಮಾಧಾನದಿಂದ ತಿಳಿಸಿ, ಅವರು ಮರೆಯಾಗುತ್ತಾರೆ. ಆದರೆ ಸಣ್ಣದೊಂದು ಭಾಷೆಯಲ್ಲಿ ಸುದ್ದಿ ಹೇಳುವವರ ಸಂಗತಿಯೇ ಬೇರೆ. ತಮ್ಮ ನುಡಿ ಇನ್ನೂ ಬದುಕಿದೆಯೇ ಎಂಬುದನ್ನು ಸಹ ಅಲ್ಲಿಯ ಜನ ಆ ದನಿಯಲ್ಲಿ ಆಲಿಸುತ್ತಾರೆ. ವೇಲ್ಸ್ ನಾಡಿನ ಬೆಟಿ ಜಾರ್ಜ್ ಅಂತಹ ದನಿಗಳಲ್ಲಿ ಒಬ್ಬರು.

ಬ್ರಿಟನ್ನಿನ ಪಶ್ಚಿಮಕ್ಕಿರುವ ಈ ಬೆಟ್ಟಗಾಡಿನ ನಾಡಿನ ಭಾಷೆ ವೆಲ್ಷ್. ಇಂಗ್ಲಿಷು ಆ ದ್ವೀಪಕ್ಕೆ ಕಾಲಿಡುವ ಮೊದಲೇ ಅಲ್ಲಿ ಬೇರೂರಿದ್ದ ನುಡಿಯ ಸಂತತಿ ಅದು. 19ನೆಯ ಶತಮಾನದಲ್ಲಿ ಕೆಲವು ಶಾಲೆಗಳಲ್ಲಿ ವೆಲ್ಷ್ ನುಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕುತ್ತಿದ್ದರು. 1911ರಲ್ಲಿ ನಾಡಿನ ಜನರಲ್ಲಿ ನೂರಕ್ಕೆ ಸುಮಾರು 43 ಮಂದಿ ಆ ಭಾಷೆಯನ್ನು ಬಲ್ಲವರಾಗಿದ್ದರು. 1961ರ ವೇಳೆಗೆ ಆ ಸಂಖ್ಯೆ 26ಕ್ಕೆ ಇಳಿದಿತ್ತು. ಹೀಗೆಯೇ ಸಾಗಿದರೆ 21ನೆಯ ಶತಮಾನದ ಆರಂಭಕ್ಕೆ ವೆಲ್ಷ್ ಜೀವಂತ ಭಾಷೆಯಾಗಿ ಉಳಿಯದೆಂದು ಸಾಹಿತಿ ಸಾಂಡರ್ಸ್ ಲೂಯಿಸ್ 1962ರ ಒಂದು ಬಾನುಲಿ ಭಾಷಣದಲ್ಲಿ ಎಚ್ಚರಿಸಿದರು.

ಬೆಟಿ ಹುಟ್ಟಿದ್ದು 1939ರಲ್ಲಿ, ಪಶ್ಚಿಮ ವೇಲ್ಸಿನ ಕೋಯ್ಡ್-ಅ-ಬ್ರಿನ್ ಎಂಬ ಹಳ್ಳಿಯಲ್ಲಿ. ಅವರು ವರದಿಗಾರ್ತಿಯಾಗಿ ಪ್ರಸಾರದ ಕೆಲಸಕ್ಕೆ ಕಾಲಿಟ್ಟದ್ದು 1970ರ ದಶಕದಲ್ಲಿ. ವೆಲ್ಷ್ ಭಾಷೆಗೆ ಬಾನುಲಿಯಲ್ಲಿಯೂ ಟೆಲಿವಿಷನ್ನಿನಲ್ಲಿಯೂ ಸ್ವಂತ ಸ್ಥಾನ ಬೇಕೆಂಬ ಕೂಗು ಬಲಿತಿದ್ದ ಕಾಲವದು. 1977ರ ಜನವರಿ 3ರಂದು ಬಿ.ಬಿ.ಸಿ.ಯ 'ರೇಡಿಯೋ ಕಮ್ರಿ' ಆರಂಭವಾಯಿತು. ಟೆಲಿವಿಷನ್ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಪ್ರತ್ಯೇಕ ವಾಹಿನಿಯ ವಾಗ್ದಾನದಿಂದ ಸರಕಾರ ಹಿಂಜರಿದಾಗ, ರಾಜಕೀಯ ಮುಂದಾಳು ಗ್ವಿನ್‌ವರ್ ಎವನ್ಸ್ ಆಮರಣ ಉಪವಾಸ ಕೈಗೊಳ್ಳುವುದಾಗಿ 1980ರಲ್ಲಿ ಸಾರಿದರು. ಉಪವಾಸ ಮೊದಲಾಗುವುದಕ್ಕೆ ಮುನ್ನವೇ ಸರಕಾರ ಮಣಿಯಿತು. 1982ರ ನವೆಂಬರ್ 1ರಂದು 'ಎಸ್-ಫೋರ್-ಸಿ' ಎಂಬ ವಾಹಿನಿ ಜನ್ಮತಾಳಿತು. ಅದರ ವಾರ್ತಾಪ್ರಸಾರಕ್ಕೆ 'ನೆವದ್ಯೊನ್', ಅಂದರೆ 'ಸುದ್ದಿ', ಎಂಬ ಸರಳವಾದ ಹೆಸರು. ಆ ದಶಕದಲ್ಲಿ ಆ ವಾರ್ತೆಯನ್ನು ಮನೆಮನೆಗೆ ತಲುಪಿಸಿದವರಲ್ಲಿ ಬೆಟಿ ಪ್ರಮುಖರು.

ಈ ಕೆಲಸದ ಕಷ್ಟ ಹೊರಗಿನವರಿಗೆ ಸುಲಭವಾಗಿ ಗೋಚರಿಸುವುದಿಲ್ಲ. ಜಗತ್ತಿನ ಸುದ್ದಿ ಬಹುಮಟ್ಟಿಗೆ ಬರುವುದು ಇಂಗ್ಲಿಷಿನಲ್ಲಿ; ಸಂಜೆಯೊಳಗೆ ಅದು ರೈತನೂ ಪಂಡಿತನೂ ಒಪ್ಪುವ ವೆಲ್ಷ್ ಆಗಬೇಕು. ಉತ್ತರದವರ ಆಡುಮಾತು ಒಂದು ಬಗೆ, ದಕ್ಷಿಣದವರದು ಇನ್ನೊಂದು. 'ಈಗ' ಎನ್ನುವುದಕ್ಕೆ ದಕ್ಷಿಣದಲ್ಲಿ 'ನೌರ್', ಉತ್ತರದಲ್ಲಿ 'ರುವಾನ್'. ಅವರ ಲಿಪಿಯಲ್ಲಿ ಒಂದರ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಇನ್ನೊಂದಾಗುತ್ತದೆ! ಇಬ್ಬರಿಗೂ ಪರಕೀಯವೆನಿಸದಂತೆ ನುಡಿಯುವುದು ಸುದ್ದಿಗಾರರ ನಿತ್ಯದ ಪರೀಕ್ಷೆ. 'ಪ್ರಸಾರ' ಎಂಬುದಕ್ಕೆ ಅವರು ಬಳಸುವ 'ದಾರ್‌ಸ್ಲೆಡಿ' ಎಂಬ ಶಬ್ದದಲ್ಲಿಯೂ 'ಹರಡು' ಎಂಬ ಅವರದೇ ಮಾತು ಅಡಗಿದೆ.

ವಾರ್ತೆಯ ಜೊತೆಗೆ ಬೆಟಿಯವರಿಗೆ ಶಾಶ್ವತವಾದ ಹೆಸರನ್ನು ತಂದುದು ರೇಡಿಯೋ ಕಮ್ರಿಯ 'ಬೆಟಿ ಮತ್ತು ಆಕೆಯ ಜನ' ಎಂಬ ಅರ್ಥದ ಕಾರ್ಯಕ್ರಮ. ಒಬ್ಬ ಅತಿಥಿ ತನ್ನ ಬಾಳನ್ನು ಹೇಳಿಕೊಳ್ಳುತ್ತ, ನಡುನಡುವೆ ಮೆಚ್ಚಿನ ಹಾಡುಗಳನ್ನು ಆರಿಸುವುದು ಅದರ ಕ್ರಮ. ದಶಕಗಳ ಕಾಲ ನಾಡಿನ ನೂರಾರು ಮಂದಿ ಅವರೆದುರು ಮನಸ್ಸು ಬಿಚ್ಚಿದರು.

ಅವರ ಬಾಳಸಂಗಾತಿ ಡೇವಿಡ್ ಪ್ಯಾರಿ-ಜೋನ್ಸ್ ಸಹ ಮಾತನ್ನೇ ನಂಬಿ ಬಾಳಿದವರು. ರಗ್ಬಿ ಪಂದ್ಯಗಳ ವೀಕ್ಷಕ ವಿವರಣೆಗಾರರೆಂದೂ ಇಂಗ್ಲಿಷ್ ವಾರ್ತಾ ನಿರೂಪಕರೆಂದೂ ವೇಲ್ಸಿನಲ್ಲೆಲ್ಲ ಹೆಸರಾದವರು. 2009ರಲ್ಲಿ ಅವರಿಗೆ ಆಲ್‌ಝೈಮರ್ ಎಂಬ ಮರೆವಿನ ರೋಗವಿದೆಯೆಂದು ತಿಳಿದುಬಂತು. ಸಾವಿರಾರು ಕೇಳುಗರನ್ನು ಮಾತಿನಿಂದ ಸೆರೆಹಿಡಿದಿದ್ದವರ ಬಾಯಿಂದ ಒಂದೊಂದಾಗಿ ಶಬ್ದಗಳು ಜಾರಿಹೋದವು. ಬೆಟಿ ಅವರನ್ನು ವರ್ಷಗಟ್ಟಲೆ ಮನೆಯಲ್ಲಿಯೇ ನೋಡಿಕೊಂಡರು. ತಮ್ಮ ಮನೆಯ ಸುದ್ದಿಯನ್ನೂ ಅವರು ಮುಚ್ಚಿಡಲಿಲ್ಲ. 2017ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದರಲ್ಲಿ ಆ ಮನೆಯ ದಿನಚರಿಯನ್ನು ನಾಡೇ ಕಂಡಿತು. ಇಂತಹ ರೋಗಿಗಳನ್ನು ಮನೆಯಲ್ಲಿ ಸಲಹುವವರ ಬವಣೆ ಎಷ್ಟೆಂಬುದನ್ನು ಬೆಟಿ ಬಹಿರಂಗವಾಗಿ ಆಡಿದರು. ಅದೇ ವರ್ಷದ ಏಪ್ರಿಲಿನಲ್ಲಿ ಡೇವಿಡ್ ತೀರಿಕೊಂಡರು.

2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲೆವೆಂದವರು ಸುಮಾರು 5,38,000 ಮಂದಿ, ನೂರಕ್ಕೆ 18ರಷ್ಟು. ಲೂಯಿಸರ ಭಯ ನಿಜವಾಗಲಿಲ್ಲ. ಪೂರ್ಣವಾಗಿ ತೊಲಗಿಯೂ ಇಲ್ಲ. ಆಲಿಸುವವರು ಇದ್ದ ಮಾತ್ರಕ್ಕೆ ಮಾತು ಉಳಿಯುವುದಿಲ್ಲವೆಂಬುದನ್ನು ಬೆಟಿ ತಮ್ಮ ಮನೆಯಲ್ಲಿಯೇ ಕಂಡಿದ್ದರು. ಆದರೂ ಎಂಬತ್ತು ದಾಟಿದ ಮೇಲೆಯೂ ಅವರು ಮೈಕಿನ ಮುಂದೆ ಅತಿಥಿಯನ್ನು ಕೂಡಿಸಿಕೊಂಡು, ತಾಯ್ನುಡಿಯಲ್ಲಿ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾದರು.