ಮಾಡಿಲ್ಲದ ಬಂಡಿ

ಮುಂಬಯಿಗೆ ಬಂದ ಕನ್ನಡಿಗರ ಜೀವನಚರಿತ್ರೆಯನ್ನು ಅವರು ಮಲಗಿದ ಮಾಡುಗಳ ಲೆಕ್ಕದಲ್ಲಿಯೇ ಬರೆದುಬಿಡಬಹುದು. ಮೊದಲು ಹೋಟೆಲಿನ ಅಟ್ಟ. ಅಲ್ಲಿ ತಲೆಯೆತ್ತಿ ನಿಲ್ಲಲಾಗದು. ಅನಂತರ ಚಾಳಿನ ಖೋಲಿ. ಅದರ ತಗಡಿನ ಮೇಲೆ ಮಳೆ ಹೊಯ್ದರೆ ಒಳಗಿನವರ ಮಾತು ಒಳಗಿನವರಿಗೇ ಕೇಳದು. ಆಮೇಲೆ, ಅದೃಷ್ಟವಿದ್ದವರಿಗೆ, ಸಿಮೆಂಟಿನ ಸೂರು. ನಾವೂ ಇದೇ ದಾರಿಯಲ್ಲಿ ಬಂದವರು. ಘಾಟ್ಕೋಪರ್ ಪಶ್ಚಿಮದ ಗುಡ್ಡದ ಅಂಚಿನಲ್ಲಿ, ತಗಡಿನ ಮಾಡಿನ ಕೆಳಗೆ, ಹನ್ನೊಂದು ಮಳೆಗಾಲಗಳನ್ನು ಕಳೆದೆವು. ಪ್ರತಿ ಮೇ ತಿಂಗಳ ಕೊನೆಯ ವಾರ ನೀಲಿ ತಾಡಪತ್ರಿ ಕೊಂಡು ತಂದು, ಹಗ್ಗ ಬಿಗಿದು, ಮೇಲೆ ಇಟ್ಟಿಗೆ ಹೇರುವುದು ನಮ್ಮ ವರ್ಷಾವಧಿಯ ವ್ರತವಾಗಿತ್ತು. 2000ನೇ ಇಸವಿಯ ಜುಲೈ 12ರಂದು ಘಾಟ್ಕೋಪರಿನ ಗುಡ್ಡ ಕುಸಿದು ಹತ್ತಾರು ಜನ ಮನೆಗಳ ಸಮೇತ ಮಣ್ಣಿನಡಿ ಸೇರಿದಾಗ ನಾವು ಅಲ್ಲಿಂದ ಕೆಳಗಿಳಿದು ಎರಡು ವರ್ಷವಾಗಿತ್ತು. ಆ ರಾತ್ರಿ ಸಿಮೆಂಟಿನ ಸೂರನ್ನು ನೋಡುತ್ತಾ ನಿದ್ದೆಯಿಲ್ಲದೆ ಮಲಗಿದ್ದೆವು.

ಇಂಥ ನಾವು, ಅರವತ್ತು ದಾಟಿದ ಮೇಲೆ, ಮಾಡನ್ನು ತೆಗೆದಿಡಬಹುದೆಂಬ ಒಂದೇ ಗುಣಕ್ಕಾಗಿ ಒಂದು ಕೋಟಿ ರೂಪಾಯಿಗೂ ಮೀರಿದ ಹಣ ಕೊಟ್ಟು ಕಾರೊಂದನ್ನು ಮನೆಗೆ ತಂದಿದ್ದೇವೆ. ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಈ ಬರವಣಿಗೆ ಇಬ್ಬರದು, ಕಾರಿನ ಕಂತೂ ಇಬ್ಬರದು. ಎರಡು ಉಪಾಹಾರಗೃಹಗಳಲ್ಲಿ ಒಂದನ್ನು ಮಾರಿ, ಇನ್ನೊಂದನ್ನು ಮಗಳ ಕೈಗೊಪ್ಪಿಸಿದ ವರ್ಷ, 2024ರ ದೀಪಾವಳಿಯ ಹೊತ್ತಿಗೆ, ಅದು ನಮ್ಮ ಕಟ್ಟಡದ ಅಂಗಳಕ್ಕೆ ಬಂದು ನಿಂತಿತು. ಆ ವರ್ಷ ಆಗಸ್ಟಿನಲ್ಲಷ್ಟೇ ಭಾರತದ ಮಾರುಕಟ್ಟೆಗೆ ಬಂದಿದ್ದ ಮರ್ಸಿಡಿಸ್ ಬೆಂಜ್ ಸಿಎಲ್‌ಇ ಕ್ಯಾಬ್ರಿಯೊಲೆ. ನಾಲ್ಕು ಆಸನ, ಎರಡೇ ಬಾಗಿಲು, ಬಟ್ಟೆಯ ಛಾವಣಿ. ಗುಂಡಿ ಒತ್ತಿದರೆ ಇಪ್ಪತ್ತು ಸೆಕೆಂಡುಗಳಲ್ಲಿ ಛಾವಣಿ ತಾನೇ ಮಡಚಿಕೊಂಡು ಹಿಂಬದಿಯ ಗೂಡಿಗೆ ಸೇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದವರೆಗೆ ಓಡುತ್ತಿರುವಾಗಲೂ ಹೀಗೆ ಮಾಡಬಹುದು. ಆರತಿಯ ತಟ್ಟೆ ಹಿಡಿದು ಬಂದ ನಮ್ಮ ಮನೆಯ ಹಿರಿಯ ಜೀವ, ನಮ್ಮಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ, ಛಾವಣಿ ಹಿಂದಕ್ಕೆ ಸರಿಯುವುದನ್ನು ಕೊನೆಯವರೆಗೆ ನೋಡಿ, ಕುಂದಾಪುರದ ಕನ್ನಡದಲ್ಲಿ ಒಂದೇ ಮಾತು ಕೇಳಿದರು: ‘ಮಾಡಿಲ್ಲದ್ ಗಾಡಿಗೆ ಇಷ್ಟ್ ದುಡ್ಡ್ ಕೊಟ್ಟದ್ದಾ ಮಗಾ?’

ಈ ಪ್ರಶ್ನೆಗೆ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಮೋಟಾರು ಬಂಡಿ ಹುಟ್ಟಿದ ಕಾಲದಲ್ಲಿ ತೆರೆದ ಬಂಡಿಯೇ ಸಾಮಾನ್ಯ. ಸುತ್ತಲೂ ಗಾಜು, ಮೇಲೆ ಗಟ್ಟಿ ಛಾವಣಿ ಇರುವುದು ಸಿರಿವಂತರ ಸೊತ್ತಾಗಿತ್ತು. ತಗಡನ್ನು ಅಚ್ಚೊತ್ತಿ ಮುಚ್ಚಿದ ಮೈ ತಯಾರಿಸುವುದು ಅಗ್ಗವಾದಂತೆ, 1920ರ ದಶಕ ಮುಗಿಯುವಷ್ಟರಲ್ಲಿ ಲೆಕ್ಕ ತಲೆಕೆಳಗಾಯಿತು. ಮುಚ್ಚಿದ ಕಾರು ಎಲ್ಲರದಾಯಿತು, ತೆರೆದದ್ದು ಉಳ್ಳವರ ವಿಲಾಸವಾಯಿತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ನಡುವೆ ನಡೆದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿಯೂ ಅಂಥದೇ ಹಿರಿಯರು ಸಾಲಾಗಿ ನಿಂತಿದ್ದಾರೆ. ಆದರೆ ಅಮ್ಮನ ಪ್ರಶ್ನೆ ಚರಿತ್ರೆಯದಾಗಿರಲಿಲ್ಲ. ತಾಡಪತ್ರಿಯ ಹಗ್ಗದ ಇನ್ನೊಂದು ತುದಿಯನ್ನು ಹನ್ನೊಂದು ವರ್ಷ ಹಿಡಿದುಕೊಂಡಿದ್ದವರು ಅವರೇ.

ನಮ್ಮ ಮೊದಲ ಕಾರು ಕೂಡ ನೆರೆಯದೇ. ಪಕ್ಕದ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿತ್ತು. ಫಿಯೆಟ್ ಎಂಬ ಹೆಸರು ಕಳಚಿ 1970ರ ದಶಕದಲ್ಲಿ ಪದ್ಮಿನಿಯಾದ ಆ ಕಾರು ಅಲ್ಲಿಂದಲೇ ಹೊರಬಂದು ಈ ಊರಿನ ಟ್ಯಾಕ್ಸಿಗಳ ಮುಖವಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿ, ಇಪ್ಪತ್ತು ವರ್ಷಗಳ ಆಯುಷ್ಯ ಮುಗಿಸಿ 2023ರ ಅಕ್ಟೋಬರ್ ಕೊನೆಯಲ್ಲಿ ನಿವೃತ್ತಿಯಾಯಿತು. ಮೂರನೆಯ ಕೈಯಿಂದ ನಾವು ಕೊಂಡ ಪದ್ಮಿನಿಗೆ ಆರೈಕೆ ಎಂದರೆ ರೇಡಿಯೇಟರಿಗೆ ನೀರು, ಬೆಳಗಿನ ಹೊತ್ತು ನಾಲ್ಕು ಜನರ ನೂಕು. ಹೊಸ ಕಾರಿನ ಆರೈಕೆ ಬೇರೆ ಜಾತಿಯದು. ಅದು ಯಂತ್ರದ ಉಪಚಾರವಾಗಿರುವುದಕ್ಕಿಂತ ಹೆಚ್ಚಾಗಿ ಬಟ್ಟೆಯ ಉಪಚಾರ. ಹಳೆಯ ರೇಷ್ಮೆ ಸೀರೆ ಕಾಪಾಡಿದ ಮನೆಯವರಿಗೆ ಅದು ಬೇಗ ಅರ್ಥವಾಗುತ್ತದೆ.

ಒದ್ದೆಯಾದ ಛಾವಣಿಯನ್ನು ಮಡಚಿ ಇಡಬಾರದು. ಇಟ್ಟರೆ ಮುಂಬಯಿಯ ಸೆಕೆಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ವಾರಗಟ್ಟಲೆ ಮಡಚಿಯೇ ಇಡುವುದೂ ಸಲ್ಲದು. ಮಡಿಕೆಯ ಗೆರೆಗಳು ಬಟ್ಟೆಯಲ್ಲಿ ನಿಂತುಬಿಡುತ್ತವೆ. ತಿರುಗುವ ಕುಂಚಗಳ ಯಂತ್ರಸ್ನಾನ ಇದಕ್ಕೆ ಆಗದು. ಒಣ ಧೂಳನ್ನು ಮೊದಲು ಮೃದುವಾದ ಬ್ರಷ್ಷಿನಿಂದ ನೇಯ್ಗೆಯ ಜಾಡಿನಲ್ಲಿಯೇ ಬಾಚಿ ತೆಗೆದು, ಅನಂತರ ಸೌಮ್ಯವಾದ ಸಾಬೂನಿನ ನೀರು, ಅನಂತರ ಧಾರಾಳ ಸಾದಾ ನೀರು, ಕೊನೆಗೆ ನೆರಳಿನಲ್ಲಿ ಒಣಗುವಿಕೆ. ಛಾವಣಿ ಕೂಡುವ ಕಡೆಗಳಲ್ಲಿರುವ ರಬ್ಬರಿನ ಅಂಚುಗಳಿಗೆ ಆಗಾಗ ತಕ್ಕ ಲೇಪನ ಬೇಕು. ಅವು ಒಣಗಿ ಬಿರಿದರೆ ಮೊದಲು ಗಾಳಿಯ ಸಿಳ್ಳೆ, ಆಮೇಲೆ ಮಳೆಯ ಹನಿ. ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ ತೂತುಗಳು. ಛಾವಣಿಯ ಮೇಲೆ ಬಿದ್ದ ನೀರು ಹರಿದುಹೋಗಲು ಮೈಯೊಳಗೆ ಸಣ್ಣ ಕಾಲುವೆಗಳಿವೆ. ನಮ್ಮ ಅಂಗಳದ ಗುಲ್ಮೊಹರಿನ ಪುಟ್ಟ ಎಲೆಗಳು ಅವುಗಳಿಗಾಗಿಯೇ ಹುಟ್ಟಿದಂತಿವೆ. ಕಾಲುವೆ ಕಟ್ಟಿದರೆ ನೀರು ಕಾರಿನ ನೆಲಹಾಸಿನ ಅಡಿಗೆ ಇಳಿಯುತ್ತದೆ. ಊರಿನ ಹಂಚಿನ ಮನೆಯ ದೋಣಿಯಿಂದ ಮಳೆಗಾಲಕ್ಕೆ ಮುನ್ನ ಎಲೆ ತೆಗೆಯುತ್ತಿದ್ದವರು ನಾವು. ಕೆಲಸ ಅದೇ, ದೋಣಿ ಮಾತ್ರ ಕಿರಿದು.

ಘಾಟ್ಕೋಪರಿನಲ್ಲಿ ಇದರ ಮೇಲೆ ಪಾರಿವಾಳಗಳ ಸಮಸ್ಯೆ ಇದೆ. ಜೀವದಯೆಯ ಈ ಉಪನಗರದಲ್ಲಿ ಅವಕ್ಕೆ ಕಾಳಿನ ಕೊರತೆಯಿಲ್ಲ. ಅವುಗಳ ಹಿಕ್ಕೆಯಲ್ಲಿರುವ ಆಮ್ಲ ಬಣ್ಣವನ್ನೂ ಬಟ್ಟೆಯನ್ನೂ ತಿನ್ನುತ್ತದೆ. ಬಿಸಿಲು ಏರುವ ಮೊದಲೇ ತೆಗೆಯಬೇಕು, ಉಜ್ಜದೆ ತೆಗೆಯಬೇಕು.

ಈ ಕೆಲಸದಲ್ಲಿ ನಮಗೆ ಜೊತೆಯಾದವನು ಕಟ್ಟಡದ ಕಾರುಗಳನ್ನು ತೊಳೆಯುವ ಭಯ್ಯಾ, ಉತ್ತರ ಪ್ರದೇಶದವನು. ಬೆಳಗಿನ ಐದರಿಂದ ಎಂಟರೊಳಗೆ ಹದಿನೆಂಟು ಕಾರುಗಳನ್ನು ಒಂದು ಬಕೆಟು, ಒಂದು ಚಿಂದಿಯಲ್ಲಿ ಮುಗಿಸುವ ಅವನ ಚಳಕ ದೊಡ್ಡದು. ಆದರೆ ಒಂದೇ ಬಕೆಟಿನಲ್ಲಿ ಹದಿನೇಳು ಕಾರುಗಳ ಮರಳು ಹದಿನೆಂಟನೆಯದರ ಮೈಮೇಲೆ ಗೀರಾಗುತ್ತದೆ. ಅವನಿಗೆ ಎರಡು ಬಕೆಟುಗಳ ಪದ್ಧತಿಯನ್ನು ತೋರಿಸಿದೆವು: ಒಂದರಲ್ಲಿ ಸಾಬೂನು, ಇನ್ನೊಂದು ಬಟ್ಟೆ ಜಾಲಿಸಲು ಮಾತ್ರ. ನಮ್ಮ ಕಾರಿಗೆ ಮುಕ್ಕಾಲು ಗಂಟೆ ಹಿಡಿಯುವುದರಿಂದ ನಾಲ್ಕು ಕಾರುಗಳ ಸಂಬಳ ಕೊಡುವುದೆಂದು ಒಪ್ಪಂದವಾಯಿತು. ಈಗ ಅವನು ಬ್ರಷ್ಷು ಹಿಡಿದು ‘ಸಾಬ್, ಗಾಡಿಯ ಕೂದಲು ಬಾಚುತ್ತಿದ್ದೇನೆ’ ಎನ್ನುತ್ತಾನೆ. ಒಂದು ಬೆಳಿಗ್ಗೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಂತನಗರದವರೆಗೆ ಹೋಗಿಬಂದೆವು. ಮರುದಿನದಿಂದ ರಬ್ಬರಿನ ಅಂಚುಗಳನ್ನು ಹೇಳದೆಯೇ ನೋಡುತ್ತಿದ್ದಾನೆ.

ಇನ್ನು ಸುಖದ ಮಾತು. ಹಗಲಿನಲ್ಲಿ ಈ ಕಾರನ್ನು ತೆರೆಯುವುದು ತಪಸ್ಸು. ಬಿಸಿಲು, ಹೊಗೆ, ಹಾರ್ನು. ನಮ್ಮ ಹೊತ್ತು ಬೆಳಗಿನ ಐದೂವರೆ, ನಮ್ಮ ಋತು ನವೆಂಬರಿನಿಂದ ಮಾರ್ಚ್. ಛೇಡಾನಗರದ ಬಳಿ ಈಸ್ಟರ್ನ್ ಫ್ರೀವೇ ಏರಿದರೆ ದಕ್ಷಿಣ ಮುಂಬಯಿಯವರೆಗೆ ಹದಿನಾರು ಕಿಲೋಮೀಟರಿಗೂ ಮಿಕ್ಕಿದ ಓಟ. ಅಲ್ಲಿಂದ ಮರೀನ್ ಡ್ರೈವ್, ಮತ್ತೆ ಮಲಬಾರ್ ಹಿಲ್ಲಿನ ಅಡಿಯಲ್ಲಿ ಎರಡು ಕಿಲೋಮೀಟರು ಉದ್ದದ ಸುರಂಗ ಹಾದು ಕರಾವಳಿ ರಸ್ತೆ. ಮುಚ್ಚಿದ ಕಾರಿನಲ್ಲಿ ಸುರಂಗವೆಂದರೆ ದೀಪಗಳ ಸಾಲು. ತೆರೆದುದರಲ್ಲಿ ಅದೊಂದು ದೊಡ್ಡ ಶಂಖದ ಒಳಗು. ಹೊರಬಂದೊಡನೆ ಉಪ್ಪುಗಾಳಿ ಮುಖಕ್ಕೆ ತಗಲುತ್ತದೆ. ಮೂವತ್ತೈದು ವರ್ಷ ಇದೇ ಊರಿನಲ್ಲಿದ್ದು ನಾವು ಮೇಲಕ್ಕೆ ನೋಡಿದ್ದೇ ಕಡಿಮೆ. ಸೇತುವೆಗಳಿಗೆ ಅಡಿಭಾಗವಿದೆ, ಗೋಪುರಗಳಿಗೆ ತುದಿಯಿದೆ, ಚಳಿಗಾಲದಲ್ಲಿ ಕೊಲ್ಲಿಯ ಕಡೆ ರಾಜಹಂಸಗಳು ಸಾಲಾಗಿ ಹಾರುತ್ತವೆ ಎಂಬುದೆಲ್ಲ ಈಗ ತಿಳಿಯಿತು.

ಆದರೆ ಆಕಾಶವನ್ನಷ್ಟೇ ಆರಿಸಿಕೊಳ್ಳುವ ಗುಂಡಿ ಇದರಲ್ಲಿಲ್ಲ. ಫ್ರೀವೇಯ ಮೇಲೆ ಗಾಳಿ ತಿರುಗಿದರೆ ದೇವನಾರಿನ ಕಸದ ಗುಡ್ಡ ಕಾರಿನೊಳಗೇ ಬಂದು ಕೂರುತ್ತದೆ. 1927ರಿಂದ ಮುಂಬಯಿ ತಾನು ತಿಂದು ಉಳಿದದ್ದನ್ನು ಅಲ್ಲಿ ಪೇರಿಸುತ್ತಿದೆ. ನಮ್ಮ ಹೋಟೆಲಿನ ಬಾಳೆಎಲೆಗಳೂ ಅಲ್ಲಿಗೇ ಹೋದವು. ಜನವರಿಯ ಒಂದು ನಸುಕಿನಲ್ಲಿ ಅಮ್ಮನನ್ನು ಮುಂದಿನ ಆಸನದಲ್ಲಿ ಕೂರಿಸಿ, ತಲೆಗೆ ಶಾಲು ಸುತ್ತಿ ಕರೆದೊಯ್ದಾಗ ಆ ವಾಸನೆ ಬಂತು. ಅವರು ಸೆರಗನ್ನು ಮೂಗಿಗೆ ಹಿಡಿದು, ತಲೆ ಮಾತ್ರ ಹಾಗೆಯೇ ಮೇಲಕ್ಕೆತ್ತಿಕೊಂಡು, ‘ಆಕಾಸ ಬೇಕಂದ್ರೆ ಇದೂ ಬೇಕಲ್ದಾ’ ಎಂದರು. ದುಡ್ಡಿನ ಪ್ರಶ್ನೆಯನ್ನು ಆಮೇಲೆ ಅವರು ಎತ್ತಲಿಲ್ಲ.

ಸಿಗ್ನಲ್ಲುಗಳಲ್ಲಿಯೂ ಹೀಗೆಯೇ. ಮುಚ್ಚಿದ ಕಾರಿನಲ್ಲಿ ಗಾಜು ಏರಿಸಿ ದೃಷ್ಟಿ ತಪ್ಪಿಸುವ ಸೌಕರ್ಯ ನಮಗೆಲ್ಲ ರೂಢಿಯಾಗಿದೆ. ತೆರೆದ ಕಾರಿನಲ್ಲಿ ಕುಳಿತವರ ಭುಜ, ನಿಂತವರ ಕೈಗೆ ಎಟಕುತ್ತದೆ. ಮೇಲ್ಸೇತುವೆಯ ಕೆಳಗೆ ಮೊಗ್ಗಿನ ಮಾಲೆ ಮಾರುವ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಒಳಗೆ ಬಗ್ಗಿ ನೋಡಿ, ಮಳೆ ಬಂದರೆ ಏನು ಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದಳು. ಗುಂಡಿ ಒತ್ತಿ ತೋರಿಸಿದೆವು. ಛಾವಣಿ ಬಂದು ಕೂತಿತು. ಮತ್ತೆ ತೆರೆಯಿರಿ ಎಂದಳು, ತೆರೆದೆವು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ‘ನಾವೂ ದಿನಾ ಬೆಳಿಗ್ಗೆ ಮಡಚುತ್ತೇವೆ’ ಎಂದು ಸೇತುವೆಯ ಕಂಬದ ಬುಡದಲ್ಲಿ ಸುತ್ತಿಟ್ಟಿದ್ದ ನೀಲಿ ಪ್ಲಾಸ್ಟಿಕ್ಕನ್ನು ತೋರಿಸಿದಳು. ಹಸಿರು ದೀಪ ಬಂತು. ಮಾಲೆಗಳನ್ನು ಕೊಂಡೆವು, ಅದರಿಂದ ಯಾವುದೂ ಸರಿಹೋಗಲಿಲ್ಲ. ದಾರಿಯುದ್ದಕ್ಕೂ ನಾವಿಬ್ಬರೂ ಮಾತಾಡಲಿಲ್ಲ. ಆ ತಾಡಪತ್ರಿಯ ಗಂಟು ಹಾಕುವ ರೀತಿ ನಮ್ಮ ಕೈಗೆ ಇನ್ನೂ ಮರೆತಿಲ್ಲ.

ಅದೇ ಛೇಡಾನಗರದಲ್ಲಿ 2024ರ ಮೇ 13ರಂದು ಧೂಳುಬಿರುಗಾಳಿಗೆ ಬೃಹತ್ ಜಾಹೀರಾತು ಫಲಕವೊಂದು ಪೆಟ್ರೋಲ್ ಪಂಪಿನ ಮೇಲೆ ಕುಸಿದು ಹದಿನೇಳು ಜನ ತೀರಿಕೊಂಡರು. ನಲವತ್ತು ಅಡಿ ಇರಬೇಕಾದಲ್ಲಿ ನೂರಿಪ್ಪತ್ತು ಅಡಿ ಉದ್ದಗಲಕ್ಕೆ ಬೆಳೆದಿದ್ದ ಫಲಕ. ಮಳೆಗೆ ಹೆದರಿ ಪಂಪಿನ ಮಾಡಿನ ಕೆಳಗೆ ನಿಂತವರೂ ಅಲ್ಲಿ ಇದ್ದರು. ಗಟ್ಟಿ ಛಾವಣಿಯ ಕಾರುಗಳೂ ನುಜ್ಜುಗುಜ್ಜಾದವು. ಆರು ತಿಂಗಳ ಅನಂತರ ನಮ್ಮ ಕಾರು ಬಂದಾಗ ಬಂಧುಗಳು, ಇಂಥ ಊರಿನಲ್ಲಿ ತೆರೆದ ಕಾರೇ ಎಂದು ಕೇಳಿದ್ದು ಇದನ್ನು ನೆನೆದೇ. ನಮ್ಮ ಉತ್ತರ ಇಷ್ಟೇ: ಗುಡ್ಡ ಕುಸಿದಾಗ ಮನೆಯ ಮಾಡು ಕಾಯಲಿಲ್ಲ, ಫಲಕ ಬಿದ್ದಾಗ ಪಂಪಿನ ಮಾಡು ಕಾಯಲಿಲ್ಲ. ಗುಡ್ಡವನ್ನೂ ಫಲಕವನ್ನೂ ನೋಡಿಕೊಳ್ಳಬೇಕಾದವರು ನೋಡಿಕೊಂಡಾಗಲೇ ಮಾಡಿಗೆ ಅರ್ಥ. ವಾರಕ್ಕೊಮ್ಮೆ ಎಲೆ ತೆಗೆಯದಿದ್ದರೆ ಕಾರಿನೊಳಗೆ ನೀರು ನಿಲ್ಲುತ್ತದೆಂದು ಕಲಿತ ಮೇಲೆ, ಊರಿನ ನಾಲೆಗಳನ್ನು ಕಂಡಾಗ ನಮಗೆ ಬರುವ ಸಿಟ್ಟು ಮೊದಲಿಗಿಂತ ಹೆಚ್ಚಾಗಿದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರೇ ಮುಳುಗಿದ್ದನ್ನು ಕಂಡ ಕಣ್ಣುಗಳಿವು.

ಮಳೆಗಾಲದಲ್ಲಿ ಕಾರು ನಾಲ್ಕು ತಿಂಗಳು ಛಾವಣಿ ಹೊದ್ದು, ಕಟ್ಟಡದ ಮೂರನೆಯ ಹಂತದ ನಿಲುಗಡೆಯಲ್ಲಿ ಇರುತ್ತದೆ. 2025ರಲ್ಲಿ ಮಳೆ ವಾಡಿಕೆಗಿಂತ ಹದಿನಾರು ದಿನ ಮೊದಲೇ, ಮೇ 26ಕ್ಕೇ ಬಂದಿತು; ಹಾಗಾಗಿ ಈಗ ಏಪ್ರಿಲಿನಲ್ಲಿಯೇ ಕಾಲುವೆಗಳ ಶುದ್ಧಿ, ಬಟ್ಟೆಗೆ ನೀರು ಹಿಡಿಯದ ಲೇಪನ ಎರಡನ್ನೂ ಮುಗಿಸುತ್ತೇವೆ. ಹದಿನೈದು ದಿನಕ್ಕೊಮ್ಮೆ, ಹೊಳವಾದ ದಿನ ನೋಡಿ, ಛಾವಣಿಯನ್ನು ಒಮ್ಮೆ ತೆರೆದು ಗಾಳಿಯಾಡಿಸಿ ಮುಚ್ಚುತ್ತೇವೆ. ಊರಿಗೆ ಹೋಗುವಾಗ ಮಾತ್ರ ಇದರ ದೊಡ್ಡಸ್ತಿಕೆ ನಡೆಯದು. ಮಡಚಿದ ಛಾವಣಿ ಡಿಕ್ಕಿಯ ಪಾಲು ಕೇಳುತ್ತದೆ. ಕುಂದಾಪುರದಿಂದ ಮರಳುವಾಗ ಡಿಕ್ಕಿಯಲ್ಲಿ ತೆಂಗಿನಕಾಯಿ, ಕುಚ್ಚಲಕ್ಕಿ, ಹಲಸಿನ ಹಪ್ಪಳದ ಡಬ್ಬ ತುಂಬಿರುತ್ತವೆ. ಆಕಾಶವೋ ತೆಂಗಿನಕಾಯಿಯೋ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ತೆಂಗಿನಕಾಯಿಯೇ ಗೆದ್ದಿದೆ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಸಂಜೆಗಳಿಗೆ ನಾವು ಇದರಲ್ಲಿಯೇ ಬರುತ್ತೇವೆ. ಘಾಟ್ಕೋಪರ್, ವಿಕ್ರೋಲಿ ಕಡೆಯ ಹಿರಿಯರಿಗೆ ಲೋಕಲ್ ರೈಲಿನ ಮೆಟ್ಟಿಲು ಏರಿಳಿಯುವುದು ಕಷ್ಟವೆಂಬುದು ಗೊತ್ತು. ಹಿಂದಿನ ಆಸನಗಳೆರಡೂ ಖಾಲಿ ಇರುತ್ತವೆ. ಮುಂದಿನದನ್ನು ಬಾಗಿಸಿ ಹತ್ತುವಾಗ ಮೊಣಕಾಲಿಗೆ ತುಸು ತೊಂದರೆ, ಕೂತ ಮೇಲೆ ಇಲ್ಲ. ಬರುವವರು ಮುಂಚಿತವಾಗಿ ತಿಳಿಸಬೇಕು, ತಲೆಗೊಂದು ಶಾಲು ತರಬೇಕು.